ದೇಶದ ವಾಗ್ದಾನ: ಯೆಹೋಶುವ 21ರಲ್ಲೇ ಚುಕ್ತಾ ಆಯಿತೇ, ಇನ್ನೂ ಬಾಕಿ ಇದೆಯೇ?

ಮಮ್ರೆತೋಪು:
ಬೈಬಲ್ ಅಧ್ಯಯನಕ್ಕೆ ಎರಡು ವಾರದ ಪಾಠ ತಯಾರು ಮಾಡಬೇಕಿದೆ. ಆದಿಕಾಂಡ 15:18ರಲ್ಲಿ ದೇವರು ಅಬ್ರಹಾಮನ ಸಂತತಿಗೆ ಕೊಡುವೆನೆಂದ, ಐಗುಪ್ತದ ನದಿಯಿಂದ ಯೂಫ್ರೇಟೀಸ್‌ವರೆಗಿನ ದೇಶದ ಮಾತು ಬರುತ್ತದೆ. ಯೆಹೋಶುವ 21:43–45 ಓದಿದರೆ ಒಂದು ಮಾತೂ ತಪ್ಪದೆ ಎಲ್ಲ ನೆರವೇರಿದೆ. ಇಬ್ರಿಯ 11:39ಕ್ಕೆ ಬಂದರೆ ಯಾರಿಗೂ ವಾಗ್ದಾನದ ಫಲ ಸಿಕ್ಕಿಲ್ಲ! ಮೂರನ್ನೂ ಹೇಗೆ ಜೋಡಿಸುವುದು? "ಅದೆಲ್ಲ ಪರಲೋಕದ ನೆರಳು" ಎಂದು ಮುಗಿಸಲು ಮನಸ್ಸಿಲ್ಲ.

ಬೆರೋಯದವರು:
ಇಬ್ರಿಯದಿಂದ ಶುರು ಮಾಡಬೇಡಿ, ಹಿಂದಿನದೆಲ್ಲ ಮಸುಕಾಗುತ್ತದೆ. ಮೊದಲು ಚಕ್ಕುಬಂದಿ ನೋಡಿ. ಎರಡಿವೆ. ಆದಿಕಾಂಡ 15ರದ್ದು 10 ಜನಾಂಗಗಳ ಹೆಸರು ಹೇಳಿ ಯೂಫ್ರೇಟೀಸ್ ಮುಟ್ಟುತ್ತದೆ. ಅರಣ್ಯಕಾಂಡ 34:1–12ರದ್ದು ಚಿಕ್ಕದು: ಪಡುವಣಕ್ಕೆ ಮಹಾಸಮುದ್ರ (ಮೆಡಿಟರೇನಿಯನ್), ಮೂಡಣಕ್ಕೆ ಯೊರ್ದನ್ ನದಿ ಮತ್ತು ಲವಣ ಸಮುದ್ರ (ಮೃತ ಸಮುದ್ರ). ರೂಬೇನ್, ಗಾದ್, ಮನಸ್ಸೆಯ ಅರ್ಧಕುಲದ ಪಾಲು ಈ ಗೆರೆಯ ಆಚೆ ಬೀಳುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಬರೆದು ತೋರಿಸಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಯೆಹೋಶುವ 21 ಓದುವಾಗ 13:1 ಪಕ್ಕದಲ್ಲಿರಲಿ. ಸ್ವಾಧೀನಕ್ಕೆ ಬರದ ನೆಲ ಇನ್ನೂ ಬಹಳ ಇದೆ ಎನ್ನುವುದು ಅದೇ ಪುಸ್ತಕ. ನ್ಯಾಯಸ್ಥಾಪಕರು 1:27–36 ಊರುಗಳ ಪಟ್ಟಿಯನ್ನೇ ಕೊಡುತ್ತದೆ: ಬೇತ್ಷೆಯಾನ್, ಮೆಗಿದ್ದೋ, ಗೆಜೆರ್ ಎಲ್ಲ ಅದರಲ್ಲಿವೆ. ಹಕ್ಕು ಬರೆದುಕೊಟ್ಟಾಗಿದೆ, ಹೊಲಕ್ಕೆ ಇಳಿಯುವುದು ಉಳಿದಿದೆ.

ಇನ್ನು 1 ಅರಸು 4:21. ಸೊಲೊಮೋನನ ಆಳ್ವಿಕೆ ಮಹಾನದಿಯವರೆಗೆ, ಅಂದರೆ ಯೂಫ್ರೇಟೀಸ್‌ವರೆಗೆ ಹೋಯಿತು, ನಿಜ. ಆದರೆ ಅಲ್ಲಿನ ರಾಜ್ಯಗಳು ಕಪ್ಪ ಕೊಡುತ್ತಿದ್ದವು ಅಷ್ಟೇ, ಆ ನೆಲ ಕುಲಗಳಿಗೆ ಪಾಲಾಗಿ ಹಂಚಿಹೋಗಲಿಲ್ಲ. ಐದು ಅಧ್ಯಾಯ ದಾಟಿದರೆ (9:11) ಅದೇ ಸೊಲೊಮೋನ ಗಲಿಲಾಯದ 20 ಊರುಗಳನ್ನು ತೂರಿನ ಹೀರಾಮನಿಗೆ ಕೊಟ್ಟಿದ್ದಾನೆ. ಪಾಠಗಳಲ್ಲಿ ಈ ವಚನ ಎತ್ತುವವರು ಕಡಿಮೆ, ಎತ್ತಲೇಬೇಕಾದದ್ದು.

ಯಾಜಕಕಾಂಡ 25:23 ಬಿಡಬೇಡಿ: "ಭೂಮಿ ನನ್ನದು" ಎನ್ನುತ್ತಾನೆ ಯೆಹೋವ. ನಮ್ಮ ಮಾತಲ್ಲಿ ಹೇಳುವುದಾದರೆ ಇಸ್ರಾಯೇಲ್ಯರು ಗೇಣಿದಾರರು. 26ನೇ ಅಧ್ಯಾಯದ ಗಡೀಪಾರಿನ ಎಚ್ಚರಿಕೆ ಅರ್ಥವಾಗುವುದು ಇದನ್ನು ಓದಿದ ಮೇಲೆಯೇ.

ತೀರದಗಾಳಿ:
ಮೇಲಿನದಕ್ಕೆ ಹೊಸ ಒಡಂಬಡಿಕೆಯ ಕಡೆಯಿಂದ ಒಂದಿಷ್ಟು. ಇಬ್ರಿಯ ಭಾಷೆಯ "ಎರೆಟ್ಸ್" ಪದಕ್ಕೆ ದೇಶ ಎಂದೂ ಅರ್ಥ, ಭೂಮಿ ಎಂದೂ ಅರ್ಥ. ಕನ್ನಡಕ್ಕೆ ತರುವವರು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಹಾಗಾಗಿ ದೀನರು ದೇಶಕ್ಕೆ ಬಾಧ್ಯರು ಎನ್ನುವ ಕೀರ್ತನೆ 37:11ಕ್ಕೂ ಭೂಮಿಗೆ ಬಾಧ್ಯರು ಎನ್ನುವ ಮತ್ತಾಯ 5:5ಕ್ಕೂ ಇರುವ ನಂಟು ನಮ್ಮ ಓದುಗರ ಕಣ್ಣಿಗೆ ಬೀಳದೆ ಹೋಗಬಹುದು. ಪೌಲನು ರೋಮಾ 4:13ರಲ್ಲಿ ಇನ್ನೂ ಮುಂದೆ ಹೋಗಿ "ಕೊಸ್ಮೊಸ್", ಅಂದರೆ ಲೋಕಕ್ಕೇ ಅಬ್ರಹಾಮನು ಬಾಧ್ಯ ಎನ್ನುತ್ತಾನೆ.

ಇಬ್ರಿಯ 4:8ರ ತರ್ಕ ಸರಳ: ಯೆಹೋಶುವನೇ ವಿಶ್ರಾಂತಿ ಕೊಟ್ಟು ಮುಗಿಸಿದ್ದರೆ ಎಷ್ಟೋ ಕಾಲದ ಮೇಲೆ ಕೀರ್ತನೆ 95 "ಈ ಹೊತ್ತು" ಎಂದು ಮತ್ತೆ ಕರೆಯುತ್ತಿರಲಿಲ್ಲ. ಗ್ರೀಕಿನಲ್ಲಿ ಯೆಹೋಶುವ, ಯೇಸು ಎರಡಕ್ಕೂ ಒಂದೇ ಹೆಸರು, "ಯೇಸೂಸ್". ಕೇಳಿದವರಿಗೆ ಅದು ತಟ್ಟದೆ ಇದ್ದೀತೇ?

ಸಾಮಾನ್ಯವಾಗಿ ಆಗುವ ತಪ್ಪು: ಇಬ್ರಿಯ 11:16ರ "ಪರಲೋಕದ ದೇಶ" ಎಂದರೆ ನೆಲವೇ ಇಲ್ಲದ ಜಾಗ ಎಂದುಕೊಳ್ಳುವುದು. ಪ್ರಕಟನೆ 21:2ರಲ್ಲಿ ಪಟ್ಟಣ ಕೆಳಗೆ ಇಳಿದು ಬರುತ್ತದೆ. ಅದರ 12 ಬಾಗಿಲುಗಳ ಮೇಲೆ 12 ಕುಲಗಳ ಹೆಸರೇ ಇವೆ (21:12).

ಅತ್ತಿಮರ:
ಒಂದು ಭಿನ್ನಾಭಿಪ್ರಾಯ. ವಾಗ್ದಾನ ಲೋಕದಷ್ಟು ಹಿಗ್ಗಿತು ಎಂದಮಾತ್ರಕ್ಕೆ ಆ ಮೊದಲ ದೇಶ, ಕಾನಾನ್, ಕರಗಿತು ಎಂದಾಗುವುದಿಲ್ಲ. ರೋಮಾ 11:28–29 ಓದಿ: ದೇವರ ವರಗಳೂ ಕರೆಯೂ ಹಿಂತೆಗೆಯುವಂಥವಲ್ಲ. ಅಪೊಸ್ತಲರ ಕೃತ್ಯ 1:6ರಲ್ಲಿ ಶಿಷ್ಯರು ರಾಜ್ಯದ ಬಗ್ಗೆ ಕೇಳಿದಾಗ ಯೇಸು ತಡೆದದ್ದು ಕಾಲದ ವಿಚಾರವನ್ನು, ಪ್ರಶ್ನೆಯೇ ತಪ್ಪು ಎನ್ನಲಿಲ್ಲ. ಯೆಹೆಜ್ಕೇಲ 47:22 ಹೊಸ ಹಂಚಿಕೆಯಲ್ಲಿ ಪರದೇಶಿಗೂ ಸ್ವತ್ತಿನ ಪಾಲು ಕೊಡುತ್ತದೆ. ಕಾನಾನ್ ಕರಗಿತು ಎನ್ನುವವರೂ ಇಲ್ಲ ಎನ್ನುವವರೂ ಇದನ್ನು ಹಾರಿಸಿ ಓದುವುದೇ ಹೆಚ್ಚು.

ಆದಿಕಾಂಡ 17:8ರ "ಓಲಾಮ್" (ಶಾಶ್ವತ) ಪದ ಒಂದನ್ನೇ ನೆಚ್ಚಿ ವಾದ ಕಟ್ಟಬೇಡಿ. ಆರೋನನ ವಂಶದ ಯಾಜಕತ್ವಕ್ಕೂ ಅದೇ ಪದ ಇದೆ (ವಿಮೋಚನಕಾಂಡ 40:15).

ಮಮ್ರೆತೋಪು:
ತುಂಬಾ ಉಪಕಾರವಾಯಿತು. 1948ರಲ್ಲಿ ಇಸ್ರೇಲ್ ದೇಶ ಸ್ಥಾಪನೆಯಾದ ಬಗ್ಗೆ ಖಂಡಿತ ಕೇಳುತ್ತಾರೆ. ಆಮೇಲೆ, ಮೊದಲ ವಾರ ಎಲ್ಲಿಗೆ ನಿಲ್ಲಿಸಲಿ?

ಬೆರೋಯದವರು:
1948ಕ್ಕೆ ಬೇರೆ ದಿನ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಚನ ತೆರೆಯುವ ಮೊದಲೇ ಹೊತ್ತು ಮುಗಿಯುತ್ತದೆ. ಶುರುವಿಗೆ ಎರಡು ಕ್ರಯ ಇಡಿ. ಅಬ್ರಹಾಮನು ಹಿತ್ತಿಯನಾದ ಎಫ್ರೋನನಿಂದ 400 ಶೆಕೆಲ್ ಬೆಳ್ಳಿಗೆ ಕೊಂಡ ಮಕ್ಪೇಲದ ಹೊಲ ಮತ್ತು ಗವಿ (ಆದಿಕಾಂಡ 23): ದೇಶವೆಲ್ಲ ನಿನ್ನದು ಎಂದು ಮಾತು ಪಡೆದವನು ಹೆಂಡತಿಯ ಸಮಾಧಿಗೆ ಕೇಳಿದಷ್ಟು ಹಣ ತೂಗಿ ಕೊಟ್ಟ. ಯೆರೆಮೀಯನು 17 ಶೆಕೆಲ್‌ಗೆ ಕೊಂಡ ಅನಾತೋತಿನ ಹೊಲ (ಯೆರೆಮೀಯ 32): ಊರಿಗೆ ಬಾಬೆಲಿನ ಮುತ್ತಿಗೆ, ಕೊಂಡವನು ಸೆರೆಯಲ್ಲಿ. ಕ್ರಯಪತ್ರ ಎರಡು, ಒಂದಕ್ಕೆ ಮುದ್ರೆ, ಇನ್ನೊಂದು ತೆರೆದದ್ದು. ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸಿದ.

ಮೊದಲ ವಾರ ನೆಹೆಮೀಯ 9ಕ್ಕೆ ನಿಲ್ಲಿಸಿ. 8ನೇ ವಚನದಲ್ಲಿ "ಮಾತು ನೆರವೇರಿಸಿದಿ" ಎಂದ ಅದೇ ಪ್ರಾರ್ಥನೆ 36ರಲ್ಲಿ "ಇದೇ ದೇಶದಲ್ಲಿ ನಾವು ದಾಸರು" ಎನ್ನುತ್ತದೆ. ಎರಡನ್ನೂ ಗಟ್ಟಿಯಾಗಿ ಓದಿಸಿ, ವಿವರಣೆ ಕೊಡದೆ ಮನೆಗೆ ಕಳಿಸಿ. ಮುಂದಿನ ವಾರ ಇಬ್ರಿಯ 11 ತೆರೆದರೆ ಸಾಕು.