‘ಬೊಂಬೆ ಪುಸ್ತಕ’ ಅನ್ನಬಹುದಾ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ಬಸವನಗುಡಿಯಲ್ಲಿ ನಮ್ಮ ರಸ್ತೆಯವರೆಲ್ಲ ಸೇರಿ ಮಕ್ಕಳಿಗೆ ಒಂದು ಪುಟ್ಟ ಲೈಬ್ರರಿ ನಡೆಸುತ್ತಿದ್ದೇವೆ. ಶನಿವಾರ ಮಧ್ಯಾಹ್ನ ಮೂರರಿಂದ ಆರು ವರ್ಷದವರಿಗೆ ನಾನು ಕತೆ ಓದುತ್ತೇನೆ. ಈಗ ಕಪಾಟುಗಳಿಗೆ ಕನ್ನಡದ ಚೀಟಿ ಅಂಟಿಸುವ ಕೆಲಸ ನಡೆದಿದೆ. ವಿಜ್ಞಾನ, ಪದ್ಯ, ಪುರಾಣ ಬೇಗ ಮುಗಿದವು. ಪಿಕ್ಚರ್ ಬುಕ್‌ಗಳ ಕಪಾಟಿನ ಮುಂದೆ ನಿಂತುಬಿಟ್ಟೆ.

ಎಂಥ ಪುಸ್ತಕ ಅಂತ ಹೇಳುತ್ತೇನೆ. ಪುಟದಲ್ಲಿ ‘ಪುಟ್ಟಿ ಒಬ್ಬಳೇ ಸಂತೆಗೆ ಹೊರಟಳು’ ಅಂತ ಒಂದೇ ಸಾಲು ಇದೆ ಅಂದುಕೊಳ್ಳಿ. ಚಿತ್ರದಲ್ಲಿ ಅವಳ ಹಿಂದೆಯೇ ಒಂದು ಆನೆ ತುದಿಗಾಲಲ್ಲಿ ಬರುತ್ತಿದೆ. ನಾನು ಸಾಲು ಓದುತ್ತೇನೆ. ಮಕ್ಕಳು ‘ಒಬ್ಳೇ ಅಲ್ಲ, ಒಬ್ಳೇ ಅಲ್ಲ!’ ಅಂತ ಕೂಗುತ್ತಾರೆ. ಅರ್ಧ ಕತೆ ಮಾತಿನಲ್ಲಿ, ಇನ್ನರ್ಧ ಚಿತ್ರದಲ್ಲಿ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಹಾಗಾಗಿ ‘ಸಚಿತ್ರ’ ಅನ್ನುವ ಮಾತು ಇಲ್ಲಿ ಸಾಲದು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಚಿತ್ರಗಳು ಎಷ್ಟು ಚೆನ್ನಾಗಿದ್ದವು, ಅಲ್ವಾ? ಆದರೂ ಕಣ್ಣು ಮುಚ್ಚಿಕೊಂಡು ಕೇಳಿದರೂ ಆ ಕತೆ ಪೂರ್ತಿ ತಿಳಿಯುತ್ತಿತ್ತು. ಅದು ಸಚಿತ್ರ ಕತೆ. ಇದು ಬೇರೆ.

‘ಚಿತ್ರಪುಸ್ತಕ’ ಅನ್ನುವುದೇ ಜಾಸ್ತಿ ಬಳಕೆಯಲ್ಲಿದೆ. ಆದರೆ ‘ಅ ಅರಸ, ಆ ಆನೆ’ ಪುಸ್ತಕವೂ ಚಿತ್ರಪುಸ್ತಕ, ಹಣ್ಣು ತರಕಾರಿ ಗುರುತಿಸುವ ಪುಸ್ತಕವೂ ಚಿತ್ರಪುಸ್ತಕ. ಒಳಗೆ ಕತೆ ಇದೆ ಅಂತ ಆ ಪದ ಹೇಳುವುದಿಲ್ಲ. ‘ಚಿತ್ರಕಥೆ’ ಹೇಳಿ ಮಾಡಿಸಿದ ಹಾಗಿತ್ತು. ಅದನ್ನು ಸಿನಿಮಾದವರು ತೆಗೆದುಕೊಂಡರು: ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ. ಉಳಿದದ್ದು 1967ರಲ್ಲಿ ಶುರುವಾದ ‘ಅಮರ ಚಿತ್ರ ಕಥೆ’ಯಿಂದಾಗಿ ಕಾಮಿಕ್ಸ್ ಪಾಲಾಯಿತು.

ಆಗ ನೆನಪಾದದ್ದು ನಮ್ಮಜ್ಜಿಯ ಮಾತು. ಅವರು ಕೋಲಾರದ ಕಡೆಯವರು. ಓದು ಬರಹ ಬರುತ್ತಿರಲಿಲ್ಲ. ‘ಆ ಬೊಂಬೆ ಪುಸ್ತಕ ತಗೊಂಡ್ ಬಾರೋ’ ಅನ್ನುತ್ತಿದ್ದರು. ತೊಡೆಯ ಮೇಲಿಟ್ಟುಕೊಂಡು ಚಿತ್ರ ನೋಡಿಯೇ ಕತೆ ಹೇಳುತ್ತಿದ್ದರು. ನಿನ್ನೆ ಕಾಡಿಗೆ ಹೋದ ನರಿ ಇವತ್ತು ಅದೇ ಪುಟದಲ್ಲಿ ನೆಂಟರ ಮನೆಗೆ ಹೋಗುತ್ತಿತ್ತು. ಅಕ್ಷರ ಬಂದ ಮೇಲೂ ನನಗೆ ಅವರ ಕತೆಯೇ ಬೇಕಿತ್ತು.

ಇಲ್ಲಿ ‘ಬೊಂಬೆ’ ಅಂದರೆ ಚಿತ್ರ. ತೆಲುಗಿನಲ್ಲಿ ‘ಬೊಮ್ಮ’ಕ್ಕೆ ಗೊಂಬೆ, ಚಿತ್ರ ಎರಡೂ ಅರ್ಥ ಇದೆ. ಹಾಗಾದರೆ ಅಜ್ಜಿಯ ಮಾತು ಗಡಿ ದಾಟಿ ಬಂದದ್ದಾ? ಅಥವಾ ಹಳೇ ಮೈಸೂರು ಕಡೆಯ ಕನ್ನಡದಲ್ಲಿ ಮೊದಲಿಂದಲೂ ಈ ಅರ್ಥ ಇತ್ತಾ? ಇದು ನನ್ನ ಮುಖ್ಯ ಪ್ರಶ್ನೆ. ಈಗಿನ ಬೆಂಗಳೂರಿನ ಮಗುವಿಗೆ ಬೊಂಬೆ ಅಂದರೆ ಚನ್ನಪಟ್ಟಣದ ಮರದ ಬೊಂಬೆ, ಇಲ್ಲ ದಸರಾ ಬೊಂಬೆ. ಆದರೆ ಕಪಾಟಿನ ಮೇಲೆ ‘ಬೊಂಬೆ ಪುಸ್ತಕ’ ಅಂತ ಇದ್ದರೆ ಮಗು ತಾನಾಗಿಯೇ ಕೈ ಹಾಕುತ್ತದೆ ಅಂತ ನನಗೆ ಅನಿಸುತ್ತದೆ. ‘ನೀಳ್ಗತೆ’ ಇರುವಾಗ ‘ಬೊಂಬೆಗತೆ’ ಯಾಕಾಗಬಾರದು ಅಂತಲೂ ಯೋಚಿಸಿದೆ. ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಚೀಟಿಯಲ್ಲಿ ‘ಕಾಲ್ಪನಿಕ’ ಅಂತಲೂ ಸೇರಿಸಿ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ‘ಇಲ್ಲಿ ಬರುವ ಪಾತ್ರಗಳೆಲ್ಲ ಕಾಲ್ಪನಿಕ’ ಅನ್ನುವಾಗ ಅದು ‘ಇದು ನಿಜವಲ್ಲ’ ಅಂತ ಕೈ ತೊಳೆದುಕೊಳ್ಳುವ ಮಾತು. ‘ಕಟ್ಟುಕತೆ’ ಅಂತೂ ಬೈಗುಳವೇ ಆಗಿಬಿಟ್ಟಿದೆ. ಮಕ್ಕಳ ಬಾಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ‘ಸುಳ್‌ಸುಳ್ಳೇ’. ಖಾಲಿ ಲೋಟದಲ್ಲಿ ಸುಳ್‌ಸುಳ್ಳೇ ಕಾಫಿ ಕೊಡುತ್ತಾರೆ, ನಾವು ಕುಡಿಯಬೇಕು. ಅದರಲ್ಲಿ ಮೋಸ ಇಲ್ಲ, ಇಬ್ಬರೂ ಒಪ್ಪಿ ಆಡುವ ಆಟ ಅದು. ದೊಡ್ಡವರ ಕನ್ನಡದಲ್ಲಿ ಇದಕ್ಕೆ ಸರಿಸಮವಾದ ಪದ ನನಗೆ ಸಿಕ್ಕಿಲ್ಲ.

ಮಕ್ಕಳ ಪುಸ್ತಕ ಪ್ರಕಟಿಸುವ ನಮ್ಮೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಯಿತು. 2015ರಲ್ಲಿ ಅವರು ಸ್ಟೋರಿವೀವರ್ ಅನ್ನುವ ಕತೆಗಳ ಜಾಲತಾಣ ತೆರೆದ ಮೇಲೆ ಯಾರು ಬೇಕಾದರೂ ಇಂಥ ಕತೆಗಳನ್ನು ಕನ್ನಡಕ್ಕೆ ತರಬಹುದು. ಪುಸ್ತಕ ಇಷ್ಟು ಬರುತ್ತಿರುವಾಗ ಅದನ್ನು ಕರೆಯಲು ನಮ್ಮದೇ ಪದ ಬೇಕು.

ಧಾರವಾಡ, ಮಂಗಳೂರು, ಕಲಬುರಗಿ ಕಡೆ ಮನೆಯಲ್ಲಿ ಹಿರಿಯರು ಇದಕ್ಕೆ ಏನನ್ನುತ್ತಿದ್ದರು? ‘ಪಟದ ಪುಸ್ತಕ’ ಅಂತ ಕೇಳಿದವರಿದ್ದೀರಾ? ಬರುವ ಶನಿವಾರದ ಒಳಗೆ ಹೇಳಿದರೆ ಚೀಟಿ ಬರೆದು ಅಂಟಿಸುತ್ತೇನೆ.