ಅಪ್‌ಡೇಟ್: ಬೀದರ್‌ಗೆ ಬಂದು ಸೇರಿದೆವು

ಯಜಮಾನರಿಗೆ ಬೀದರ್ ವಾಯುನೆಲೆಗೆ ಪೋಸ್ಟಿಂಗ್ ಆಗಿದೆ, ಕ್ವಾರ್ಟರ್ಸ್ ಸಿಗುವವರೆಗೆ ಮಗಳ ಜೊತೆ ಶಿವಮೊಗ್ಗದಲ್ಲೇ ಇರಲಾ ಅಂತ ಕೇಳಿದ್ದೆ. ಬೇಡ, ಬಾಡಿಗೆ ಮನೆ ಹಿಡಿದಾದರೂ ಒಟ್ಟಿಗೇ ಹೋಗಿ ಅಂದಿರಿ. ಹಾಗೇ ಮಾಡಿದೆವು. ಕ್ವಾರ್ಟರ್ಸ್ ಸರದಿ ಇನ್ನೂ ಬಂದಿಲ್ಲ, ಪರವಾಗಿಲ್ಲ.

ಶಾಲೆ ಬಗ್ಗೆ ಸುಮ್ನೆ ಹೆದರಿದ್ದೆ. ಶಿವಮೊಗ್ಗದ ಕೇಂದ್ರೀಯ ವಿದ್ಯಾಲಯದ ಟಿಸಿ, ವರ್ಗಾವಣೆ ಆದೇಶದ ಪ್ರತಿ ಕೊಟ್ಟೆವು. ಇಲ್ಲಿನ ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ಸಿಕ್ಕಿತು.

ಅಮ್ಮ ಕೊಟ್ಟ ಅಪ್ಪೆಮಿಡಿ ಭರಣಿಯನ್ನು ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆ ಮೇಲೇ ಇಟ್ಟುಕೊಂಡು ಬಂದೆ. ಒಂದು ಹನಿಯೂ ಚೆಲ್ಲಲಿಲ್ಲ.

ಹಾಕ್ ತರಬೇತಿ ವಿಮಾನ ಮೇಲೆ ಹೋದರೆ ಅಡುಗೆಮನೆ ಕಿಟಕಿ ಗಡಗಡ ಅನ್ನುತ್ತದೆ. ಮಗಳು ಓಡಿ ಅಂಗಳಕ್ಕೆ ಬರುತ್ತಾಳೆ. ನನಗೆ ನಮ್ಮೂರ ಮಳೆ ಸದ್ದು ಜಾಸ್ತಿ ನೆನಪಾಗುತ್ತದೆ. ಧೈರ್ಯ ಹೇಳಿದ ಎಲ್ಲರಿಗೂ ಧನ್ಯವಾದ.