ಡೈನೋಸಾರಿಗೆ ‘ಉರಗ’ ಸಲ್ಲುತ್ತದೆಯೇ?

ಪ್ರಶ್ನೆ (ಕಲಬುರಗಿಯಿಂದ): ದೂರದ ಜಂಗಲ್ ಹೊಕ್ಕ ಶೋಧಕರಿಗೆ ಜೀವಂತ ಡೈನೋಸಾರ್ ಎದುರಾಗುವ ಸಾಹಸಚಿತ್ರವೊಂದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. ಪ್ರಾಣಿಗೆ ‘ದೈತ್ಯೋರಗ’ ಸರಿಯೋ, ‘ರಾಕ್ಷಸ ಹಲ್ಲಿ’ಯೋ? ಜಂಗಲ್ಲಿಗೆ ನಮ್ಮ ‘ಅಡವಿ’ ಸಾಕೇ?

ಉತ್ತರ: ಎರಡೂ ಬೇಡ್ರಿ ಸರ್. ‘ಉರಗ’ ಅಂದರೆ ಎದೆಯೂರಿ ಹರಿಯುವಂಥದ್ದು. ಡೈನೋಸಾರಿನ ಕಾಲು ಎತ್ತಿನ ಕಾಲಿನಂತೆ ಮೈಯ ಕೆಳಗೆ ನೆಟ್ಟಗಿತ್ತು. ಬೇಲಿಯ ಮೇಲಿನ ಓತಿಕ್ಯಾತದಂತೆ ಪಕ್ಕಕ್ಕೆ ಚಾಚಿಕೊಂಡಿರಲಿಲ್ಲ. 1842ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವನ್ ಗ್ರೀಕಿನಿಂದ ‘ಭಯಂಕರ ಹಲ್ಲಿ’ ಎಂಬರ್ಥದ ಹೆಸರು ಕಟ್ಟಿದ್ದು ನಿಜ. ಹೆಸರಲ್ಲಿ ಹಲ್ಲಿ ಇದ್ದ ಮಾತ್ರಕ್ಕೆ ಪ್ರಾಣಿ ಹಲ್ಲಿಯಾಗದು. ‘ಡೈನೋಸಾರ್’ ಎಂದೇ ಇರಲಿ, ಮಕ್ಕಳಿಗೂ ಅದೇ ಗೊತ್ತು.

ಬಹುವಚನ ಮಾತ್ರ ‘ಡೈನೋಸಾರುಗಳು’ ಎಂದು ಉಕಾರ ಕೊಟ್ಟು ಬರೆಯಿರಿ. ‘ಡೈನೋಸಾರ್‌ಗಳು’ ಎಂದು ಟೈಪ್ ಮಾಡಿದಾಗ ‘ರ್’ಗೂ ‘ಗ’ಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಕೂತಿರುತ್ತದೆ. ಫೈಲ್ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಅದು ಉದುರಿದರೆ ಎರಡಕ್ಷರ ಬೆಸೆದುಕೊಂಡು ತೆರೆಯ ಮೇಲೆ ‘ಡೈನೋಸಾರ್ಗಳು’ ಆಗುತ್ತದೆ. ಉಕಾರವಿದ್ದರೆ ಆ ರಗಳೆಯೇ ಇಲ್ಲ. ಕಾರು, ಕಾರುಗಳು ಅಂತೀವಲ್ಲ, ಹಾಗೇ. ಎರಡು ಸಾಲಿನ ಸಬ್‌ಟೈಟಲ್ಲಿನಲ್ಲಿ ಸಾಲುಗಳ ನಡುವಿನ ಜಾಗವನ್ನೂ ತುಸು ಹಿಗ್ಗಿಸಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಚಿತ್ರದಲ್ಲಿ ಹಾರುವ ಪ್ರಾಣಿ ಬಂದರೆ ‘ಹಾರುವ ಡೈನೋಸಾರ್’ ಎನ್ನಬೇಡಿ. ಅದು ಟೆರೋಸಾರ್, ಬೇರೆಯೇ ಕವಲು. ಉದ್ದ ಬೆಳೆದ ನಾಲ್ಕನೆಯ ಬೆರಳಿಗೆ ತೊಗಲು ಬಿಗಿದ ರೆಕ್ಕೆ ಅದರದು.

‘ಅಡವಿ’ ಚೆಂದದ ಮಾತು, ಆದರೆ ಯಾದಗಿರಿ ಕಡೆ ‘ಎತ್ತ ಅಡವಿಗಿ ಹೋಗ್ಯಾವ’ ಅಂದರೆ ಊರಾಚೆಯ ಹೊಲ, ಬಯಲೂ ಆದೀತು. ‘ದಟ್ಟಡವಿ’ ಅನ್ನಿ. ತಮಾಷೆಯೆಂದರೆ ಜಂಗಲ್ಲಿನ ಮೂಲವಾದ ‘ಜಾಂಗಲ’ಕ್ಕೆ ಆಯುರ್ವೇದದಲ್ಲಿ ಗಿಡ ವಿರಳವಾದ ಒಣನೆಲ ಎಂದರ್ಥ, ನಮ್ಮ ಕಲಬುರಗಿಗೇ ಒಪ್ಪುವಂಥದ್ದು.

ಶೋಧಕರು ಮೊದಲ ಸಲ ಕಂಡಾಗಿನ ಉದ್ಗಾರಕ್ಕೆ ‘ಜೀವಂತವಾಗಿವೆ!’ ಸಪ್ಪೆ. ‘ಇನ್ನಾ ಬದುಕ್ಯಾವಲ್ಲೋ!’ ಎಂದು ಬರೆಯಿರಿ.

ಇನ್ನು ಡೈನೋಸಾರುಗಳು ಅಳಿದ ಕಾಲದ ಮಾತು ಬಂದರೆ, 66 ಮಿಲಿಯನ್ ವರ್ಷ ಎಂದರೆ 6.6 ಕೋಟಿ. ಅವಸರದಲ್ಲಿ 66 ಕೋಟಿ ಆಗಿಬಿಟ್ಟರೆ ಡೈನೋಸಾರ್ ಹುಟ್ಟುವ ಮೊದಲೇ ಅಳಿದಂತಾಗುತ್ತದೆ.